ಬಾಗಿಲು ಒತ್ತಿದರೆ ಒಳಗೆ ಹೋಗುತ್ತೆ, ಈ ಕಾರು ಗಟ್ಟಿನಾ?

ಪ್ರಶ್ನೆ: ನಾನು ಅರಸೀಕೆರೆ ಹತ್ತಿರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ನಾನು, ಹೆಂಡತಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು. 10 ಲಕ್ಷದೊಳಗೆ ಮೊದಲ ಕಾರು ತಗೊಳ್ಳೋಣ ಅಂತಿದ್ದೇವೆ. ಹೆಂಡತಿಯ ತವರು ಬೆಳ್ತಂಗಡಿ. ವರ್ಷಕ್ಕೆ ನಾಲ್ಕೈದು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತಬೇಕು. ಶೋರೂಮಿಗೆ ನನ್ನ ಸೋದರಮಾವನನ್ನು ಕರ್ಕೊಂಡು ಹೋಗಿದ್ದೆ. ಅವರು 20 ವರ್ಷ ಅಂಬಾಸಿಡರ್ ಓಡಿಸಿದವರು. ಬಾಗಿಲನ್ನು ಹೆಬ್ಬೆರಳಲ್ಲಿ ಒತ್ತಿ ‘ಟಿಕ್’ ಅನ್ನಿಸಿ ತೋರಿಸಿದರು. “ಇದು ಎಣ್ಣೆ ಡಬ್ಬದ ತಗಡು ಕಣಯ್ಯಾ, ಇದರಲ್ಲಿ ಮಕ್ಕಳನ್ನ ಕೂರಿಸ್ತೀಯಾ?” ಅಂದರು. ಮೇಲೆ ಮೂರು ಸಿಲಿಂಡರ್ ಎಂಜಿನ್ ಬೇರೆ, ಘಾಟಿ ಹತ್ತಲ್ಲ ಅಂತಾರೆ. ತಗೊಂಡರೂ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸು ಅಂತಾರೆ. ಹ್ಯಾಚ್‌ಬ್ಯಾಕ್, ಡಿಕ್ಕಿ ಇರೋ ಸೆಡಾನ್, ಚಿಕ್ಕ ಎಸ್‌ಯುವಿ ಈ ಮೂರರಲ್ಲಿ ಯಾವುದು ಅಂತ ತಲೆ ಕೆಟ್ಟಿದೆ. ದಾರಿ ತೋರಿಸಿ.

ಉತ್ತರ:

ಮೇಷ್ಟ್ರೇ, ನಿಮ್ಮ ಮಾವ ಬಾಗಿಲು ಒತ್ತಿದ್ದಕ್ಕೆ ನಾನು ನಗುವುದಿಲ್ಲ. ಕಾರಿನ ಬಾಡಿ ವಿನ್ಯಾಸದಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಹೊಸ ಕಾರು ಕಂಡರೆ ಇವತ್ತಿಗೂ ಮೊದಲು ಬಾಗಿಲೇ ಒತ್ತುತ್ತೇನೆ. ಕೈ ಸುಮ್ನಿರಲ್ಲ. ಆದರೆ ಹಾಗೆ ಒತ್ತಿದರೆ ಗೊತ್ತಾಗುವುದೇ ಬೇರೆ, ಅವರು ಅಂದುಕೊಂಡದ್ದೇ ಬೇರೆ.

ನೀವು ಕೇಳಿದ್ದು ನಾಲ್ಕೈದು ವಿಷಯ. ಅವೆಲ್ಲದರ ಕೆಳಗೆ ಇರುವ ಭಯ ಮಾತ್ರ ಒಂದೇ. ಇಷ್ಟು ಚಿಕ್ಕ, ಇಷ್ಟು ಹಗುರದ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಬಹುದಾ ಅಂತ. ಬಾಗಿಲಿನಿಂದಲೇ ಶುರು ಮಾಡೋಣ.

ಬಾಗಿಲಿನ ಹೊರ ತಗಡು ಸುಮಾರು 0.7 ಮಿಲಿಮೀಟರ್ ದಪ್ಪ. ದುಬಾರಿ ಕಾರಿನಲ್ಲೂ ಉಕ್ಕಿನ ಬಾಗಿಲಾದರೆ ಹೆಚ್ಚುಕಮ್ಮಿ ಅಷ್ಟೇ. ಮಳೆ ಗಾಳಿ ತಡೆಯುವುದು, ಆಕಾರ ಕೊಡುವುದು, ಬಣ್ಣ ಹಿಡಿಯುವುದು ಅದರ ಕೆಲಸ. ಮನೆಗೆ ಗಾರೆ ಇದ್ದ ಹಾಗೆ. ಗಾರೆ ತಟ್ಟಿ ನೋಡಿ ಒಳಗಿನ ಪಿಲ್ಲರ್ ಗಟ್ಟಿ ಇದೆಯಾ ಅಂತ ಹೇಳೋಕಾಗುತ್ತಾ?

ಈ ತಗಡಿನದ್ದೂ ಒಂದು ಗುಟ್ಟಿದೆ. ಪ್ರೆಸ್ಸಿಗೆ ಹಾಕುವಾಗ ಮೆತ್ತಗಿರುತ್ತದೆ, ಹೇಳಿದ ಹಾಗೆ ಬಾಗುತ್ತದೆ. ಆಮೇಲೆ ಬಣ್ಣ ಹೊಡೆದು ಸುಮಾರು 170 ಡಿಗ್ರಿ ಬಿಸಿಯ ಓವನ್‌ನಲ್ಲಿ 20 ನಿಮಿಷ ಇಡುತ್ತಾರಲ್ಲ, ಆಗ ಬಣ್ಣದ ಜೊತೆ ತಗಡೂ ಗಟ್ಟಿಯಾಗುತ್ತದೆ. ಹಿಟ್ಟು ನಿಪ್ಪಟ್ಟಾದ ಹಾಗೆ. ಅದಕ್ಕೇ ಎಂದು ತಯಾರಾದ ಉಕ್ಕು ಅದು. ಅಷ್ಟಾದರೂ ಅಗಲವಾದ ಸಮತಟ್ಟು ಜಾಗದಲ್ಲಿ ಒತ್ತಿದರೆ ‘ಟಿಕ್’ ಅನ್ನುತ್ತದೆ. ಬಾಗಿಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಿರುತ್ತಾರೆ ನೋಡಿ, ಅದು ಬರೀ ಚಂದಕ್ಕಲ್ಲ. ಸೀರೆ ನೆರಿಗೆಯ ಹಾಗೆ ತಗಡಿಗೆ ಬಿಗಿ ಕೊಡುವುದು ಅದೇ.

ಬಾಗಿಲು ಹಾಕುವಾಗ ಬರುವ ‘ಧಪ್’ ಸದ್ದಿಗೂ ಮರುಳಾಗಬೇಡಿ. ಒಂದು ಕಾರಿಗೆ ಆ ಸದ್ದು ತರಿಸಲು ನಾವು ನಾಲ್ಕು ಜನ ಮೂರು ವಾರ ಕೂತಿದ್ದೆವು. ಲಾಕಿಗೆ ಒಂದು ಪ್ಲಾಸ್ಟಿಕ್ ತುಂಡು, ತಗಡಿನ ಒಳಬದಿಗೆ ಡಾಂಬರಿನಂಥ ಎರಡು ಪ್ಯಾಡ್, ರಬ್ಬರ್ ಬೀಡಿಂಗ್ ಬದಲಾವಣೆ. ಸದ್ದು ಬಂತು. ಶೋರೂಮಿನಲ್ಲಿ ಜನ ಬಾಗಿಲು ಹಾಕಿ ತಲೆಯಾಡಿಸಿದರು. ಸುರಕ್ಷತೆಗೆ ಗುಲಗಂಜಿಯಷ್ಟೂ ಸೇರಿರಲಿಲ್ಲ.

ಹಾಗಾದರೆ ಗಟ್ಟಿತನ ಎಲ್ಲಿದೆ? ಆ ತಗಡಿನ ಹಿಂದೆ ಬಾಗಿಲ ಒಳಗೇ ಒಂದು ಅಡ್ಡ ಪೈಪು ಇರುತ್ತದೆ. ಮುಂದಿನ ಮತ್ತು ಹಿಂದಿನ ಬಾಗಿಲಿನ ನಡುವೆ ಒಂದು ಕಂಬ ಇದೆ. ಬಿ ಪಿಲ್ಲರ್ ಅಂತೀವಿ. ಈಗಿನ ಅನೇಕ ಕಾರುಗಳಲ್ಲಿ ಅದು ಬೋರಾನ್ ಬೆರೆಸಿದ ಉಕ್ಕು. ಸುಮಾರು 900 ಡಿಗ್ರಿಗೆ ಕೆಂಪಗೆ ಕಾಯಿಸಿ, ಒಳಗೆ ತಣ್ಣೀರು ಹರಿಯುವ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಆಕಾರಕ್ಕೆ ಬರುವುದೂ ತಣ್ಣಗಾಗುವುದೂ ಒಟ್ಟಿಗೇ. ನಿಮ್ಮೂರ ಕಮ್ಮಾರ ಕುಡುಗೋಲು ಕಾಯಿಸಿ ನೀರಿಗೆ ಅದ್ದುತ್ತಾನಲ್ಲ, ಅದೇ ವಿದ್ಯೆ. ಹೀಗೆ ಮಾಡಿದ ಉಕ್ಕು ಮಾಮೂಲಿ ತಗಡಿಗಿಂತ ಸುಮಾರು ಐದು ಪಟ್ಟು ಬಲ ತಾಳುತ್ತದೆ. ಬೆರಳಿಗೆ ಇದು ಸಿಗುವುದೇ ಇಲ್ಲ.

ಅಂಬಾಸಿಡರ್ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಲಾರಿಯ ಹಾಗೆ ಬೇರೆ ಚಾಸಿ ಇತ್ತು, ಅದಕ್ಕೇ ಗಟ್ಟಿ ಅಂತ ತುಂಬ ಜನ ನಂಬಿದ್ದಾರೆ. ಇರಲಿಲ್ಲ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಈಗಿನ ಕಾರುಗಳ ಹಾಗೆ ಅದಕ್ಕೂ ಬಾಡಿಯೇ ಚಾಸಿ. ತಗಡು ದಪ್ಪ ಇದ್ದದ್ದು ನಿಜ. ಗೋಡೆಗೆ ಒರೆಸಿದರೆ ಗೋಡೆಗೇ ಗಾಯ ಆಗುತ್ತಿತ್ತು ಅನ್ನುವುದೂ ನಿಜ. ಆದರೆ ದೊಡ್ಡ ಅಪಘಾತದಲ್ಲಿ ಏನಾಗುತ್ತೆ ಅನ್ನುವುದೇ ಬೇರೆ ಲೆಕ್ಕ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂದು ಪರೀಕ್ಷೆ ಮಾಡಿತು. 1959ರ ಷೆವರ್ಲೆ ಬೆಲ್ ಏರ್, 2009ರ ಷೆವರ್ಲೆ ಮಾಲಿಬು, ಎರಡನ್ನೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿದರು. ಹಳೆಯದು ನೋಡಲು ಭೀಮ. ಗುದ್ದಿದಾಗ ಅದರ ಡ್ರೈವರ್ ಕೂರುವ ಜಾಗವೇ ಕುಸಿದುಹೋಯಿತು. ಹೊಸದರ ಮೂತಿ ಚಿಂದಿ, ಒಳಗಿನ ಗೊಂಬೆಗೆ ಕಾಲಿನ ಬಳಿ ಸಣ್ಣ ಪೆಟ್ಟು ಅಷ್ಟೆ.

ಮೂತಿ ಚಿಂದಿಯಾಗಲಿ ಅಂತಲೇ ಮಾಡಿರುತ್ತೇವೆ. ಇದನ್ನು ಮೊದಲು ಯೋಚಿಸಿದವರು ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನಿ, 1950ರ ದಶಕದ ಶುರುವಿನಲ್ಲಿ. ಲೆಕ್ಕ ಸುಲಭ, ನಿಮ್ಮ ಮಕ್ಕಳಿಗೂ ಹೇಳಿಕೊಡಬಹುದು. 64 ಕಿಲೋಮೀಟರ್ ವೇಗದಲ್ಲಿ ಗುದ್ದುವುದು ಅಂದರೆ 16 ಮೀಟರ್ ಎತ್ತರದಿಂದ, ಅಂದರೆ ಐದು ಅಂತಸ್ತಿನ ಮೇಲಿನಿಂದ ಬಿದ್ದ ಹಾಗೆ. ಮೂತಿ 10 ಸೆಂಟಿಮೀಟರ್ ಮಾತ್ರ ಕುಗ್ಗಿದರೆ ಬಾಡಿ ತಡೆಯುವ ಸರಾಸರಿ ಪೆಟ್ಟು ಭೂಮಿಯ ಸೆಳೆತದ 160 ಪಟ್ಟು. ಅದೇ 60 ಸೆಂಟಿಮೀಟರ್ ಕುಗ್ಗಿದರೆ 27 ಪಟ್ಟು. ಆ ಪೆಟ್ಟನ್ನೂ ಮೈಗೆ ಇನ್ನಷ್ಟು ನಿಧಾನಕ್ಕೆ ತಲುಪಿಸುವುದು ಬೆಲ್ಟು ಮತ್ತು ಏರ್‌ಬ್ಯಾಗಿನ ಕೆಲಸ. ಮುಂದುಗಡೆ ಮೆತ್ತಗೆ, ಕೂರುವ ಜಾಗ ಕಲ್ಲಿನ ಹಾಗೆ. ಇಷ್ಟೇ ಸೂತ್ರ.

ನಾನು ನೋಡಿದ ಮೊದಲ ಕ್ರ್ಯಾಶ್ ಟೆಸ್ಟ್ ಇನ್ನೂ ಕಣ್ಣಲ್ಲಿದೆ. ಗೊಂಬೆಯ ಹಣೆ, ಮೂಗು, ಗಲ್ಲಕ್ಕೆ ಬೇರೆಬೇರೆ ಬಣ್ಣ ಬಳಿದಿದ್ದರು. ಯಾವ ಭಾಗ ಎಲ್ಲಿಗೆ ಬಡಿಯಿತು ಅಂತ ಆಮೇಲೆ ನೋಡೋಕೆ. ಸದ್ದು ಕೇಳಿ ನಾನು ಕಣ್ಣು ಮುಚ್ಚಿಬಿಟ್ಟೆ. ಹತ್ತಿರ ಹೋದಾಗ ಎಂಜಿನ್ ಎಣ್ಣೆ ನೆಲಕ್ಕೆ ಸೋರುತ್ತಿತ್ತು, ಬಾನೆಟ್ಟು ಗುಡಿಸಲಿನ ಹಾಗೆ ಎದ್ದು ನಿಂತಿತ್ತು. ನಮ್ಮ ಹಿರಿಯರು ಅದ್ಯಾವುದನ್ನೂ ನೋಡಲಿಲ್ಲ. ನೇರ ಹೋಗಿ ಡ್ರೈವರ್ ಬಾಗಿಲ ಹಿಡಿ ಎಳೆದರು. ಬಾಗಿಲು ಒಂದೇ ಕೈಗೆ ತೆರೆಯಿತು. ಏರ್‌ಬ್ಯಾಗ್ ಮೇಲೆ ಕೆಂಪು, ಹಳದಿ ಬಣ್ಣದ ಒಂದು ಮುಖ ಅಚ್ಚಾಗಿತ್ತು. ಸ್ಟಿಯರಿಂಗ್ ಮೇಲೆ ಏನೂ ಇರಲಿಲ್ಲ. “ಆಯ್ತು, ಊಟಕ್ಕೆ ಹೋಗೋಣ” ಅಂದರು.

ಈಗ ಚಿಕ್ಕ ಕಾರಿನ ನಿಜವಾದ ಕಷ್ಟ ಹೇಳುತ್ತೇನೆ. ಇದು 30-40 ಸೈಟಿನಲ್ಲಿ ಮನೆ ಕಟ್ಟಿದ ಹಾಗೆ. ನಮ್ಮ ದೇಶದಲ್ಲಿ ಇಷ್ಟೊಂದು ಕಾರುಗಳು 3.99 ಮೀಟರ್‌ಗೇ ಯಾಕೆ ನಿಲ್ಲುತ್ತವೆ ಗೊತ್ತಾ? ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕ 24ರಿಂದ 16 ಶೇಕಡಾಕ್ಕೆ ಇಳಿಯಿತು. ಈಗ ಜಿಎಸ್‌ಟಿಯಲ್ಲೂ ಅದೇ ಗೆರೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿದ್ದರೆ 18 ಶೇಕಡಾ, ದಾಟಿದರೆ 40. ಸ್ವಿಫ್ಟ್ ಡಿಜೈರ್ 2008ರಲ್ಲಿ ಬಂದಾಗ 4160 ಮಿಲಿಮೀಟರ್ ಉದ್ದವಿತ್ತು. 2012ರ ಮಾದರಿ 3995ಕ್ಕೆ ಇಳಿಯಿತು. ಕತ್ತರಿಸಿದ್ದು ಎಲ್ಲಿ? ಡಿಕ್ಕಿಯಲ್ಲಿ. 440 ಲೀಟರ್ ಇದ್ದದ್ದು 316 ಆಯಿತು.

ಆ 4 ಮೀಟರ್‌ನಲ್ಲಿ ಎಂಜಿನ್ನಿಗೆ ಜಾಗ ಬೇಕು, ಕುಗ್ಗಲು ಜಾಗ ಬೇಕು, ನಿಮ್ಮ ಕಾಲಿಗೆ ಬೇಕು, ಅಮ್ಮನ ಮಂಡಿಗೆ ಬೇಕು, ಸಾಮಾನಿಗೆ ಬೇಕು. ಹಾಲಿಗೆ ಒಂದಡಿ ಕೊಟ್ಟರೆ ಅಡುಗೆಮನೆಯಿಂದ ಒಂದಡಿ ಹೋಯಿತು. ಈ ಒಗಟನ್ನು ಚೆನ್ನಾಗಿ ಬಿಡಿಸಿದ್ದು 1959ರ ಬ್ರಿಟಿಷ್ ಮಿನಿ. 1956ರ ಸೂಯೆಜ್ ಕಾಲುವೆ ಬಿಕ್ಕಟ್ಟಿನಿಂದ ಅಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಶುರುವಾದ ಯೋಜನೆ ಅದು. ಅಲೆಕ್ ಇಸ್ಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೇ ತೂರಿಸಿ, ಬರೀ 10 ಅಡಿ ಕಾರಿನಲ್ಲಿ ನಾಲ್ಕು ಜನರನ್ನು ಕೂರಿಸಿದರು. ಈಗಿನ ಚಿಕ್ಕ ಕಾರುಗಳಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಪಕ್ಕಕ್ಕೆ ಬಂದಿದೆ.

ಪಕ್ಕಕ್ಕೆ ಬಂದದ್ದರಿಂದಲೇ ನಿಮ್ಮ ಮೂರು ಸಿಲಿಂಡರ್ ಕಥೆ ಶುರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಅಡ್ಡಲಾಗಿ, ಮುಂದಿನ ಎರಡು ಉದ್ದ ತೊಲೆಗಳ ನಡುವೆ ಕೂರಬೇಕು. ಪಕ್ಕದಲ್ಲಿ ಚಕ್ರ ತಿರುಗಲೂ ಜಾಗ ಬೇಕು. ಗುದ್ದಿದಾಗ ಮಡಚಿಕೊಂಡು ಪೆಟ್ಟು ತಿನ್ನುವುದು ಆ ತೊಲೆಗಳೇ. ಒಂದು ಸಿಲಿಂಡರ್ ಕಮ್ಮಿ ಆದರೆ ಆ ತೊಲೆಗಳನ್ನು ದಪ್ಪವಾಗಿ, ನೇರವಾಗಿ ಬಿಡಬಹುದು. ಉಜ್ಜಾಟ ಕಮ್ಮಿ, ಪೆಟ್ರೋಲೂ ಉಳಿಯುತ್ತದೆ.

ನಡುಗುವುದು ನಿಜ. ಮೂರು ಸಿಲಿಂಡರಿನಲ್ಲಿ ಎರಡು ತುದಿಗಳೂ ಏತದ ಹಾಗೆ ಒಂದು ಮೇಲೆ ಒಂದು ಕೆಳಗೆ ಆಡುತ್ತವೆ. ಅದನ್ನು ರಬ್ಬರ್ ಮೌಂಟುಗಳು ನುಂಗಬೇಕು, ಕೆಲವು ಎಂಜಿನ್ನುಗಳಲ್ಲಿ ಎದುರು ತೂಕದ ಶಾಫ್ಟೂ ಇರುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಎಸಿ ಹಾಕಿ, ಗಾಡಿ ನಿಲ್ಲಿಸಿ, ಒಳಗಿನ ಕನ್ನಡಿಯಲ್ಲಿ ಹಿಂದಿನ ಬೋರ್ಡು ಓದಿ. ಅಕ್ಷರ ಕದಡಿದರೆ ನಿಮಗೆ ಅದು ದಿನಾ ಕಿರಿಕಿರಿ. ಆದರೆ ಘಾಟಿ ಹತ್ತಲ್ಲ ಅನ್ನುವುದು ಸುಳ್ಳು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ಕ್ಕೆ ಇದ್ದದ್ದೂ 796 ಸಿಸಿಯ ಮೂರೇ ಸಿಲಿಂಡರ್. ಅದು ಹತ್ತದ ಘಾಟಿ ನಮ್ಮಲ್ಲಿ ಯಾವುದಿದೆ?

ಘಾಟಿಯಲ್ಲಿ ಲೆಕ್ಕಕ್ಕೆ ಬರುವುದು ತೂಕ. ಸುಮಾರು 1000 ಕಿಲೋ ಕಾರಿಗೆ ಐದು ಜನ, ಲಗೇಜು, ಅತ್ತೆ ಮನೆಯಿಂದ ಬರುವ ತೆಂಗಿನಕಾಯಿ ಮೂಟೆ ಸೇರಿ 350 ಕಿಲೋ ಆದರೆ ಗಾಡಿ ಮೂರನೇ ಒಂದು ಪಾಲು ಭಾರವಾಯಿತು. ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಬಲ ಕೊಡುವ ಸಾಧನ) ಇಲ್ಲದ 1.2 ಲೀಟರ್ ಎಂಜಿನ್ ಎರಡನೇ ಗೇರಿನಲ್ಲಿ ಕೂಗುತ್ತಾ ಹತ್ತುತ್ತದೆ. ಕೂಗಲಿ ಬಿಡಿ, ಅದಕ್ಕೇನೂ ಆಗಲ್ಲ. ಟರ್ಬೋ ಇದ್ದರೆ ಸಲೀಸು, ಆದರೆ ಬೆಲೆ ಜಾಸ್ತಿ, ಆಯಿಲ್ ಬದಲಿಸುವುದರಲ್ಲಿ ಸೋಮಾರಿತನ ಮಾಡಿದರೆ ಮುಂದೆ ಖರ್ಚೂ ಜಾಸ್ತಿ. ವರ್ಷಕ್ಕೆ ನಾಲ್ಕೈದು ಸಲಕ್ಕೆ ನಿಮಗೆ ಅದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತಾನೇ ಗೇರ್ ಬದಲಿಸುವ ಎಎಂಟಿ ತಗೊಂಡರೆ ಒಂದು ಮಾತು ನೆನಪಿಡಿ. ಅದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವುದು ನಿಮ್ಮ ಕಾಲಲ್ಲ, ಮೋಟಾರು. ಏರಿನಲ್ಲಿ ಲಾರಿಯ ಹಿಂದೆ ಆಕ್ಸಿಲೇಟರ್ ಮೇಲೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಹಿಡಿಯಿರಿ. ಇಳಿಯುವಾಗ ಯಾವ ಗಾಡಿಯಾದರೂ ಹತ್ತಿದ ಗೇರಿನಲ್ಲೇ ಇಳಿಯಿರಿ.

ಈಗ ನಿಮ್ಮ ಮಾವನಿಗೆ ಸಲ್ಲಬೇಕಾದ ಅರ್ಧ ಮಾರ್ಕು ಕೊಡುತ್ತೇನೆ. ತೂಕಕ್ಕೆ ಬೆಲೆ ಇದೆ. 900 ಕಿಲೋದ ಕಾರು, 1800 ಕಿಲೋದ ಗಾಡಿ, ಎರಡೂ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿ ಅಂಟಿಕೊಂಡವು ಅನ್ನಿ. ದೊಡ್ಡದರ ವೇಗ 33ರಷ್ಟು ಬದಲಾಗುತ್ತದೆ, ಚಿಕ್ಕದರದ್ದು 67ರಷ್ಟು. ಕ್ರ್ಯಾಶ್ ಟೆಸ್ಟಿನಲ್ಲಿ ಎಷ್ಟು ಸ್ಟಾರ್ ಬಂದಿದ್ದರೂ ಈ ಗಣಿತ ತಪ್ಪಲ್ಲ. ಹಾಗಾಗಿ ಚಿಕ್ಕ ಕಾರಿನ ಐದು ಸ್ಟಾರನ್ನು ದೊಡ್ಡ ಕಾರಿನ ಐದು ಸ್ಟಾರ್ ಜೊತೆ ಹೋಲಿಸಬಾರದು, ಅದೇ ತೂಕದವುಗಳ ಜೊತೆ ಹೋಲಿಸಬೇಕು. ಅವರ ಅನುಮಾನಕ್ಕೆ ಹಳೆಯ ಕಾರಣವೂ ಇದೆ. 2014ರಲ್ಲಿ ಕಾರು ಗುದ್ದಿಸಿ ಸ್ಟಾರ್ ಕೊಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಮ್ಮಲ್ಲಿ ಮಾರುತ್ತಿದ್ದ ಐದು ಚಿಕ್ಕ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂದಿತ್ತು. ಆಮೇಲೆ ಕಾನೂನು ಬಿಗಿಯಾಯಿತು, 2018ರಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ತಂದಿತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ.

ಸ್ಟಾರ್ ಎಣಿಸಿ ಬಂದುಬಿಡಬೇಡಿ. ವರದಿಯಲ್ಲಿ ದೊಡ್ಡವರಿಗೆ 32ಕ್ಕೆ, ಮಕ್ಕಳಿಗೆ 49ಕ್ಕೆ ಎಷ್ಟು ಬಂತು ಅಂತ ಬೇರೆಬೇರೆ ಕೊಟ್ಟಿರುತ್ತಾರೆ. ನಿಮಗೆ ಎರಡನೆಯದು ಮುಖ್ಯ. ಗ್ಲೋಬಲ್ ಎನ್‌ಕ್ಯಾಪ್ ವರದಿಯಾದರೆ ಬಾಡಿ ಸ್ಥಿರವಾಗಿತ್ತಾ ಇಲ್ಲವಾ ಅಂತಲೂ ಬರೆದಿರುತ್ತಾರೆ. ಏರ್‌ಬ್ಯಾಗನ್ನು ಕಂಪನಿ ಯಾವ ಮಾದರಿಗಾದರೂ ಸೇರಿಸಬಹುದು. ಬಾಡಿ ಸ್ಥಿರವಾಗಿಲ್ಲ ಅಂದರೆ ಏನು ಸೇರಿಸಿ ಏನು ಬಂತು?

ಇನ್ನು ಮೂರರಲ್ಲಿ ಯಾವುದು ಅನ್ನುವುದು. ಸೆಡಾನ್‌ನಲ್ಲಿ ಡಿಕ್ಕಿ ಬೇರೆ, ಸಾಮಾನು ಮಕ್ಕಳ ತಲೆ ಮೇಲೆ ಬರುವುದಿಲ್ಲ. ಆದರೆ ಸೀಟು ತಗ್ಗು. ಅಮ್ಮ ಒಳಗೆ ‘ಬೀಳಬೇಕು’, ಏಳುವಾಗ ಮಂಡಿ ಊರಬೇಕು. ಚಿಕ್ಕ ಎಸ್‌ಯುವಿ ಅಂದರೆ ಬಹುಪಾಲು ಹ್ಯಾಚ್‌ಬ್ಯಾಕಿಗೇ ಎತ್ತರದ ಸೀಟು, ದೊಡ್ಡ ಚಕ್ರ, ದಪ್ಪ ಮೂತಿ. ಹಂಪುಗಳಿಗೆ ಅನುಕೂಲ. ತೂಕ ಮೇಲಕ್ಕೆ ಏರಿರುವುದರಿಂದ ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಗಾಡಿ ಜಾರಿದಾಗ ಚಕ್ರಗಳಿಗೆ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ಇಎಸ್‌ಸಿ ಇಲ್ಲದ ಮಾದರಿ ಬೇಡ. ಎತ್ತರದ ಹ್ಯಾಚ್‌ಬ್ಯಾಕ್ ಅಂತ ಇನ್ನೊಂದು ಜಾತಿ ಇದೆ. ಅಮ್ಮಂದಿರಿಗೆ ಅದು ಹೇಳಿ ಮಾಡಿಸಿದ್ದು, ಆದರೆ ನಿಮಗೆ ಇಷ್ಟವಾದದ್ದರ ಕ್ರ್ಯಾಶ್ ವರದಿ ನೋಡದೆ ಮುಂಗಡ ಕೊಡಬೇಡಿ. 4 ಮೀಟರ್‌ನಲ್ಲೇ ಏಳು ಸೀಟು ಅಂತ ಸೇಲ್ಸ್‌ನವರು ಆಸೆ ಹುಟ್ಟಿಸಬಹುದು. ಕೊನೆಯ ಸಾಲಿನಲ್ಲಿ ಕೂತವರ ತಲೆಗೂ ಹಿಂದಿನ ಗಾಜಿಗೂ ಗೇಣು ಜಾಗ. ಹಿಂದಿನಿಂದ ಯಾರಾದರೂ ಗುದ್ದಿದರೆ ಕುಗ್ಗಲು ಅಲ್ಲಿ ಏನಿದೆ? ನಿಮ್ಮದು ಐದು ಜನರ ಮನೆ, ಆ ಗೋಜು ಬೇಡ.

ನನ್ನ ಮನಸ್ಸು ಇಎಸ್‌ಸಿ ಮತ್ತು ಆರು ಏರ್‌ಬ್ಯಾಗ್ ಇರುವ, ಟರ್ಬೋ ಇಲ್ಲದ ಚಿಕ್ಕ ಎಸ್‌ಯುವಿಯ ಕಡೆಗೆ. ಸನ್‌ರೂಫ್‌ಗೆ ದುಡ್ಡು ಹಾಕುವ ಬದಲು ಅದೇ ದುಡ್ಡನ್ನು ಅಲ್ಲಿಗೆ ಹಾಕಿ. ಆದರೆ ತೀರ್ಮಾನ ಅಮ್ಮನದ್ದು. ಅವರನ್ನೇ ಶೋರೂಮಿಗೆ ಕರ್ಕೊಂಡು ಹೋಗಿ, ಸೀರೆಯಲ್ಲೇ, ಯಾರೂ ಕೈ ಹಿಡಿಯದೆ ಹಿಂದಿನ ಸೀಟಿಗೆ ಮೂರು ಸಲ ಹತ್ತಿಸಿ ಇಳಿಸಿ. ಮೂರನೇ ಸಲ ಬಾಗಿಲ ಚೌಕಟ್ಟು ಹಿಡಿದು ನಿಟ್ಟುಸಿರು ಬಿಟ್ಟರೆ ಆ ಕಾರು ಬೇಡ. ನಡುವೆ ಕೂರುವ ಮಗುವಿಗೆ ಸೊಂಟಕ್ಕೆ ಮಾತ್ರವಲ್ಲ, ಭುಜಕ್ಕೂ ಬರುವ ಬೆಲ್ಟು ಇದೆಯಾ ನೋಡಿ. ಚಿಕ್ಕ ಮಗುವಿಗೆ ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ತಗೊಳ್ಳಿ. ಇಲ್ಲದಿದ್ದರೆ ಬೆಲ್ಟು ಕುತ್ತಿಗೆಗೆ ಬರುತ್ತದೆ.

ಬುಲ್ ಬಾರ್ ಮಾತ್ರ ಖಂಡಿತಾ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ತೆಗೆಸಿ ಅಂತ ರಾಜ್ಯಗಳಿಗೆ ಬರೆದಿದೆ. ದಂಡದ ಮಾತು ಬಿಡಿ. ಅದನ್ನು ಬೋಲ್ಟು ಹಾಕಿ ಬಿಗಿಯುವುದು ನಾನು ಹೇಳಿದ ಆ ಮಡಚುವ ತೊಲೆಗಳಿಗೇ. ತೊಲೆ ಮಡಚುವ ರೀತಿಯೇ ಬದಲಾಗುತ್ತದೆ, ಏರ್‌ಬ್ಯಾಗ್ ಸೆನ್ಸರಿಗೆ ಪೆಟ್ಟಿನ ಲೆಕ್ಕ ತಪ್ಪುತ್ತದೆ. ನಡೆದು ಹೋಗುವವರಿಗೆ ತಾಗಿದರಂತೂ ಕಬ್ಬಿಣದ ಗದೆ. ಹಾಗೇ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಪೇಟೆಯ ದಪ್ಪ ಸೀಟ್ ಕವರ್ ಹಾಕಿಸಬೇಡಿ, ಹೊಲಿಗೆ ಬಿಚ್ಚಿಕೊಳ್ಳುವ ಅಂಥದ್ದೇ ಕವರ್ ಬೇಕು. ಹಂಪಿಗೆ ತಾಗುತ್ತೆ ಅಂತ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ತೂರಿಸುವವರೂ ಇದ್ದಾರೆ. ಗಾಡಿ ಎತ್ತರವಾಗುತ್ತದೆ, ಸ್ಪ್ರಿಂಗ್ ಆಡುವ ಜಾಗ ಕಮ್ಮಿಯಾಗುತ್ತದೆ, ಪೆಟ್ಟೆಲ್ಲ ಮೇಲಿನ ಮೌಂಟಿಗೆ ಹೋಗುತ್ತದೆ.

ಅದರ ಬದಲು ಡ್ರೈವರ್ ಬಾಗಿಲು ತೆರೆದು ಕಂಬದ ಮೇಲೆ ನೋಡಿ, ಒಂದು ಸ್ಟಿಕ್ಕರ್ ಇರುತ್ತದೆ. ಇಬ್ಬರಿದ್ದರೆ ಟೈರಿಗೆ ಎಷ್ಟು ಗಾಳಿ, ತುಂಬ ಭಾರ ಇದ್ದರೆ ಎಷ್ಟು ಅಂತ ಬರೆದಿರುತ್ತದೆ. ಎರಡನೇ ಅಂಕಿ ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಜಾಸ್ತಿ. ಬೆಳ್ತಂಗಡಿಗೆ ಹೊರಡುವ ದಿನ ಬೆಳಗ್ಗೆ, ಟೈರ್ ಇನ್ನೂ ತಣ್ಣಗಿರುವಾಗಲೇ, ಮನೆ ಹತ್ತಿರದ ಬಂಕಿನಲ್ಲಿ ಆ ಎರಡನೇ ಅಂಕಿಗೆ ಗಾಳಿ ಹೊಡಿಸಿ. ಸ್ಟೆಪ್ನಿಗೂ ಸೇರಿಸಿ.